ಹಡಗಿನ ಹೆಸರು ಕೇಳಿ ನೋಡಿ

ಪ್ರಶ್ನೆ: ನನಗೆ 36 ವರ್ಷ, ವಿಚ್ಛೇದನವಾಗಿದೆ, ಉಡುಪಿಯಲ್ಲಿ ಕೆಲಸ. ಬ್ರೋಕರ್ ತರುವ ಸಂಬಂಧಗಳಲ್ಲಿ ಮಾತಿಗೆ ಮೊದಲೇ ಜಾತಕ, ಚಿನ್ನ. ಬೇಸತ್ತು ಡೇಟಿಂಗ್ ಆ್ಯಪ್ ಹಾಕಿಕೊಂಡೆ. ಅಲ್ಲಿ ಸಿಕ್ಕವರು ಹಡಗಿನಲ್ಲಿ ಇಂಜಿನಿಯರ್ ಅಂತೆ. ಮೂರು ತಿಂಗಳಿಂದ ದಿನಾ ಮಾತು, ‘ನೆಟ್‌ವರ್ಕ್ ಇಲ್ಲ’ ಎಂದು ವಿಡಿಯೊ ಕಾಲ್‌ಗೆ ಮಾತ್ರ ಬರುವುದಿಲ್ಲ. ಈಗ ಉಡುಗೊರೆ ಕಳಿಸಿದ್ದಾರಂತೆ. ಕಸ್ಟಮ್ಸ್‌ನವರೆಂದು ಒಬ್ಬರು ಫೋನ್ ಮಾಡಿ 38,500 ರೂಪಾಯಿ ಕೇಳುತ್ತಿದ್ದಾರೆ. ಕಟ್ಟಲೇ?

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಕಸ್ಟಮ್ಸ್ ಸುಂಕ ಯಾರದೋ ಉಳಿತಾಯ ಖಾತೆಗೆ ಹೋಗುವುದಿಲ್ಲ. ಇಲಾಖೆಯ ಪತ್ರವೆಂದು ಏನಾದರೂ ಕಳಿಸಿದ್ದರೆ ಅದರಲ್ಲಿ ‘ಡಿನ್’ (DIN) ಎಂಬ ದಾಖಲೆ ಗುರುತಿನ ಸಂಖ್ಯೆ ಇರಬೇಕು. ಅದು ಅಸಲಿಯೇ ಎಂದು ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ಕಟ್ಟಿದರೆ ಅಲ್ಲಿಗೇ ಮುಗಿಯುವುದೂ ಇಲ್ಲ. ಸುಂಕದ ಹಿಂದೆ ದಂಡ, ದಂಡದ ಹಿಂದೆ ‘ಪಾರ್ಸೆಲ್‌ನಲ್ಲಿ ಡಾಲರ್ ಸಿಕ್ಕಿದೆ, ಕೇಸಾಗುತ್ತದೆ’ ಎಂಬ ಬೆದರಿಕೆ.

ಆ್ಯಪ್‌ಗೆ ಹೋದದ್ದು ತಪ್ಪಲ್ಲ. ಇಬ್ಬರು ಒಟ್ಟಿಗೆ ಕಾಫಿ ಕುಡಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುವ ಊರು ನಮ್ಮದು. ಮರುಮದುವೆಯ ಮಾತಂತೂ ಬೇಡವೇ ಬೇಡ. ಇಲ್ಲಿ ಹಡಗಿಗೆ, ಗಲ್ಫ್‌ಗೆ ಹೋದವರು ಎಷ್ಟೋ ಮಂದಿ. ಹಾಗಾಗಿ ‘ಹಡಗಿನಲ್ಲಿದ್ದೇನೆ’ ಎಂದರೆ ಯಾರಿಗೂ ಸಂಶಯ ಬರುವುದಿಲ್ಲ, ಮುಖ ತೋರಿಸದಿರಲು ಅದಕ್ಕಿಂತ ಒಳ್ಳೆಯ ನೆಪವೂ ಇಲ್ಲ.

ಹಡಗಿನ ಹೆಸರು ಮತ್ತು ಏಳು ಅಂಕಿಯ ಐಎಂಒ ಸಂಖ್ಯೆ (ಹಡಗಿನ ಗುರುತಿನ ಸಂಖ್ಯೆ) ಕೇಳಿ, ಹಡಗು ಎಲ್ಲಿದೆ ಎಂದು ತೋರಿಸುವ ಮರೀನ್ ಟ್ರಾಫಿಕ್‌ನಂಥ ಜಾಲತಾಣದಲ್ಲಿ ಹುಡುಕಿ. ನಡುಸಮುದ್ರದ ಹಡಗಿಗೆ ಉಚಿತ ನಕ್ಷೆ ಹಳೆಯ ಜಾಗವನ್ನೇ ತೋರಿಸುವುದುಂಟು. ಆದ್ದರಿಂದ ಆತ ಹೇಳಿದ ಬಂದರನ್ನು ತಾಳೆ ನೋಡಿ. ತಪ್ಪಿದರೆ ಸುಳ್ಳು. ಸರಿಹೋದರೆ ನಿಜವೆಂದೇನೂ ಅಲ್ಲ ಮಾರಾಯ್ರೆ, ಅಸಲಿ ಹಡಗಿನ ಹೆಸರನ್ನು ಯಾರು ಬೇಕಾದರೂ ಹೇಳಬಹುದು. ಆತನ ಫೋಟೊ ಬೇರೆ ಯಾರದೋ ಹೆಸರಿನಲ್ಲಿ ಇದೆಯೇ ಎಂದು ತಿಳಿಯಲು ಅದನ್ನು ಗೂಗಲ್ ಲೆನ್ಸ್‌ಗೆ ಎರಡು ಸಲ ಹಾಕಿ: ಇಡಿಯಾಗಿ ಒಮ್ಮೆ, ಮುಖ ಮಾತ್ರ ಕತ್ತರಿಸಿ ಒಮ್ಮೆ. ಕೊನೆಗೆ ವಿಡಿಯೊಗೆ ಬಂದರೂ ಮುಖ ಪೂರ್ತಿ ಪಕ್ಕಕ್ಕೆ ತಿರುಗಿಸಿ, ಎದುರಿಗೆ ಕೈ ಆಡಿಸಲು ಹೇಳಿ. ಕಂಪ್ಯೂಟರ್‌ನಲ್ಲಿ ಅಂಟಿಸಿದ ಮುಖವಾದರೆ ಹೆಚ್ಚಾಗಿ ಅಲ್ಲೇ ಕದಡುತ್ತದೆ.

ಈಗಾಗಲೇ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರಿ ಎಟಿಎಂನಿಂದ ಹೊರಬೀಳುವ ಮೊದಲು ತಡೆಹಿಡಿಯಬೇಕು. 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಬ್ಲಾಕ್ ಮಾಡುವುದು ಆಮೇಲೆ. ಮೊದಲು ಚಾಟ್, ಪ್ರೊಫೈಲ್ ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆಯಿರಿ.

ಪ್ರಶ್ನೆ: ಆ್ಯಪ್‌ನಲ್ಲಿ ಪರಿಚಯವಾದವರು ಮೊದಲ ಭೇಟಿಗೆ ಸಂಜೆ ಏಳಕ್ಕೆ ಮಂಗಳೂರಿನ ಪಣಂಬೂರು ಬೀಚ್‌ಗೆ ಕರೆಯುತ್ತಿದ್ದಾರೆ. ಹೋಗಬಹುದೇ?

ಉತ್ತರ: ಬೀಚ್ ಎರಡನೇ ಸಲಕ್ಕಿರಲಿ. ಹಗಲು ಹೊತ್ತು, ಹಂಪನಕಟ್ಟೆಯ ಮಾಲ್‌ನಲ್ಲಿ ಸಿಗೋಣ ಎನ್ನಿ. ಒಪ್ಪದೆ ಹಟ ಹಿಡಿದರೆ ಬಿಟ್ಟುಬಿಡಿ. ಹೋಗುವುದು, ಬರುವುದು ಅವರ ಗಾಡಿಯಲ್ಲಲ್ಲ, ನೀವೇ ಬಸ್ಸು ಹಿಡಿದು. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ ಅನ್ನು 8 ಗಂಟೆಗಳ ಅವಧಿಗೆ ಹಾಕಿ ಒಬ್ಬ ಸ್ನೇಹಿತರಿಗೆ ಕಳಿಸಿ. ಹಿಂದಿನ ದಿನ ಭೇಟಿಗೆ ಕರೆದವರ ನಂಬರನ್ನು ಯುಪಿಐ ಆ್ಯಪ್‌ನಲ್ಲಿ ಹಾಕಿ ನೋಡಿ, ಬ್ಯಾಂಕ್ ಖಾತೆಯ ಹೆಸರು ಕಾಣಿಸುತ್ತದೆ. ನೋಡಿಕೊಂಡು, ಹಣ ಕಳಿಸದೆ ಹಿಂದೆ ಬನ್ನಿ.