ಮಳೆಗಾಲದಲ್ಲಿ ರ‍್ಯಾಫ್ಟ್‌ಗೆ ತೇಪೆ ಹಾಕಬಹುದೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಗಾಳಿ ತುಂಬುವ ದೋಣಿಗಳ ಬಗ್ಗೆ. ಕಾಳಿ ನದಿಯ ರಾಫ್ಟಿಂಗ್ ಜೋರು ಮಳೆಯಲ್ಲಿ ನಿಲ್ಲುತ್ತದೆ. ಕೊಡಗಿನ ಬರಪೊಳೆಯಲ್ಲಿ ಅದೇ ಮಳೆಗೆ ಶುರುವಾಗುತ್ತದೆ. ಒಬ್ಬರ ಬಿಡುವು ಇನ್ನೊಬ್ಬರಿಗೆ ಸೀಸನ್. ರಿಪೇರಿಯ ಕ್ರಮವೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಹೋದ ಜುಲೈನಲ್ಲಿ ಶೆಡ್ಡಿನಲ್ಲೇ ಕೂತು ರ‍್ಯಾಫ್ಟ್‌ಗಳಿಗೆ ತೇಪೆ ಹಾಕಿದೆವು. ನವೆಂಬರ್ ಹೊತ್ತಿಗೆ ಅಂಚಿನಿಂದ ಏಳತೊಡಗಿದವು. ಅಂಟು ದುಬಾರಿಯದ್ದೇ. ಏನು ತಪ್ಪಾಯಿತು?
– ಗಣೇಶಗುಡಿಯ ಓದುಗರು

ಜುಲೈ ತಿಂಗಳೇ ಕಾರಣ. ಈ ದೋಣಿಗಳಿಗೆ ಬಳಸುವ ಅಂಟು ಎರಡು ಭಾಗದ್ದು. ಡಬ್ಬಿಯ ಅಂಟಿಗೆ ಹಾರ್ಡನರ್ ಬೆರೆಸಿ ಹಚ್ಚುತ್ತೇವೆ. ಅಂಟಿನಲ್ಲಿರುವ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಸುತ್ತಲಿನ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆಯ ಅಂಟಿನ ಮೇಲೆ ತೆಳುವಾಗಿ ನೀರು ಕೂರುತ್ತದೆ. ಹೆಚ್ಚಿನ ಸಲ ಕಣ್ಣಿಗೆ ಕಾಣುವುದಿಲ್ಲ. ಕೆಲವೊಮ್ಮೆ ಅಂಟು ಮಬ್ಬಾಗಿ ಬಿಳಿಚಿಕೊಳ್ಳುತ್ತದೆ, ಆಗ ಗೊತ್ತಾಗುತ್ತದೆ. ನೀವು ತೇಪೆ ಒತ್ತಿದ್ದು ಆ ನೀರಿನ ಪದರದ ಮೇಲೆ. ಇನ್ನೊಂದು ತೊಂದರೆಯೂ ಇದೆ. ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ನೀರನ್ನು ಕಂಡರೂ ಬಿಡುವುದಿಲ್ಲ. ಅಂಟನ್ನು ಗಟ್ಟಿ ಮಾಡಬೇಕಾದ್ದು ಗಾಳಿಯ ತೇವಕ್ಕೇ ಖರ್ಚಾಗಿ ಹೋಗುತ್ತದೆ.

ಅಂಟು ಹಚ್ಚುವ ಜಾಗದಲ್ಲಿ ತೇವಾಂಶ ಶೇ 60ಕ್ಕಿಂತ ಕೆಳಗಿರಬೇಕು. ಉಷ್ಣತೆ 18ರಿಂದ 25 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ನಿಮ್ಮ ಕಡೆ ಜುಲೈನಲ್ಲಿ ತೇವಾಂಶ ಶೇ 90ರ ಆಸುಪಾಸು ಇರುತ್ತದೆ. ಎಂಥ ದುಬಾರಿ ಅಂಟು ತಂದರೂ ಅಲ್ಲಿ ಕೂರುವುದಿಲ್ಲ. ಒಂದು ಸಣ್ಣ ತೇವಾಂಶ ಮೀಟರ್ ಕೊಂಡುಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಿಪೇರಿ ಪೆಟ್ಟಿಗೆಯಲ್ಲಿ ಮೊದಲು ಇರಬೇಕಾದ್ದು ಅದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಮಳೆಗಾಲದಲ್ಲಿ ಸುಮ್ನೆ ಕೂರಬೇಕೇ? ಖಂಡಿತ ಇಲ್ಲ. ಅಂಟು ಬೇಡದ ಕೆಲಸ ರಾಶಿ ಇದೆ. ದೋಣಿ ತೊಳೆದು, ಗಾಳಿ ತುಂಬಿ, ಸೋಪು ನೀರು ಹಚ್ಚಿ ಒಂದೊಂದೇ ತೂತನ್ನು ಗುರುತು ಮಾಡಿ. ವಾಲ್ವ್ ಬಿಚ್ಚಿ ಒಳಗಿನ ಮರಳು ತೆಗೆಯಿರಿ. ನೆಲವನ್ನು ಟ್ಯೂಬಿಗೆ ಕಟ್ಟಿರುವ ಹಗ್ಗ ಪೂರ್ತಿ ಬಿಚ್ಚಿ ನೋಡಿ. ಅದು ಕಲ್ಲಿಗೆ ಉಜ್ಜಿ ಸವೆಯುವುದು ಅಡಿಭಾಗದಲ್ಲಿ, ಮೇಲಿನಿಂದ ಕಾಣುವುದಿಲ್ಲ. ಸುತ್ತಲಿನ ಹಿಡಿ ಹಗ್ಗ, ಹುಟ್ಟುಗಳ ಹಿಡಿ, ಹೆಲ್ಮೆಟ್ಟಿನ ಬಕಲ್, ಲೈಫ್ ಜಾಕೆಟ್ಟಿನ ಹೊಲಿಗೆ ಎಲ್ಲವೂ ಈ ಹೊತ್ತಿನ ಕೆಲಸ.

ಅಂಟಿನ ಕೆಲಸವನ್ನು ದಸರಾ ಹೊತ್ತಿನ ಒಣ ದಿನಗಳಿಗೆ ಬಿಡಬಹುದು. ಅಷ್ಟರಲ್ಲಿ ಬುಕಿಂಗ್ ಶುರುವಾಗುತ್ತದೆ ಅಂದರೆ ಒಂದು ಕೋಣೆಯನ್ನು ಒಣಗಿಸಿಕೊಳ್ಳಿ. ಎಸಿಯ ಡ್ರೈ ಮೋಡ್ ಸಾಕು, ಡಿಹ್ಯುಮಿಡಿಫೈಯರ್ ಇದ್ದರೆ ಇನ್ನೂ ಒಳ್ಳೆಯದು. ದೋಣಿಯನ್ನು ಹಿಂದಿನ ದಿನವೇ ಒಳಗೆ ತಂದಿಡಿ. ಹರಿದ ಕಡೆ ಒಳಗಿನ ದಾರ ನೀರು ಹೀರಿಕೊಂಡಿರುತ್ತದೆ, ಅದು ಒಣಗಲು ಸಮಯ ಬೇಕು. ಕೆಂಡ, ಹೀಟರ್ ಇಟ್ಟು ಒಣಗಿಸುವ ಯೋಚನೆ ಮಾತ್ರ ಬೇಡ. ಈ ದ್ರಾವಕಗಳ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅಂಟು ಹಚ್ಚುವಾಗ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಒಂದು ಸಲಕ್ಕೆ ಒಂದೆರಡು ತೇಪೆ ಮಾತ್ರ ಹಾಕಿ. ಬಟ್ಟೆ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಮಾಡಿದ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ. ಕೆಲಸಕ್ಕೆ ಬರುವ ಹುಡುಗರಿಗೂ ಕೊಡಿಸಿ. ಅವರ ಶ್ವಾಸಕೋಶದ ಪ್ರಶ್ನೆ ಇದು.

ಏಳುತ್ತಿರುವ ಹಳೆಯ ತೇಪೆಗಳ ಅಂಚಿಗೆ ಮೇಲಿಂದ ಅಂಟು ಸುರಿಯಬೇಡಿ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಪೂರ್ತಿ ಎಬ್ಬಿಸಿ, ಹಳೆ ಅಂಟು ತೆಗೆದು ಹೊಸದಾಗಿ ಹಾಕಿ. ಜುಲೈನಲ್ಲಿ ತೆರೆದಿಟ್ಟ ಹಾರ್ಡನರ್ ಬಾಟಲಿ ಉಳಿದಿದ್ದರೆ ಅದನ್ನೂ ಬಳಸಬೇಡಿ.

ಮಕ್ಕಳೊಂದಿಗೆ ಕೆರೆಯಲ್ಲಿ ಹೋಗಲು ಒಂದು ಸಣ್ಣ ಗಾಳಿ ದೋಣಿ ಇದೆ. ಎರಡು ಕಡೆ ಸಣ್ಣ ತೂತು. ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಾಕಿದರೂ ನಿಲ್ಲಲಿಲ್ಲ, ಕ್ವಿಕ್ ಗ್ಲೂ ಹಾಕಿದರೂ ನಿಲ್ಲಲಿಲ್ಲ. ಬೇರೆ ಏನು ಹಾಕಲಿ?
– ಬೆಂಗಳೂರಿನ ಓದುಗರು

ಮೊದಲು ದೋಣಿ ಯಾವುದರಿಂದ ಮಾಡಿದ್ದು ಎಂದು ತಿಳಿಯಬೇಕು. ಕಾಣದ ಒಂದು ಮೂಲೆಯಲ್ಲಿ, ಹತ್ತಿಗೆ ಒಂದು ಹನಿ ಅಸಿಟೋನ್ ಹಾಕಿ ಉಜ್ಜಿ. ಜಿಗುಟಾದರೆ ಅದು ಪಿವಿಸಿ. ಜಿಗುಟಾಗದೆ, ಮರಳು ಕಾಗದದಲ್ಲಿ ಉಜ್ಜಿದಾಗ ರಬ್ಬರ್ ಪುಡಿ ಉದುರಿದರೆ ಅದು ಹೈಪಲಾನ್ ಜಾತಿಯದ್ದು. ಹೈಪಲಾನ್ ಎಂಬುದು ಡ್ಯುಪಾಂಟ್ ಕಂಪನಿ ಒಂದು ಬಗೆಯ ಕೃತಕ ರಬ್ಬರಿಗೆ ಇಟ್ಟ ಹೆಸರು. ಕಂಪನಿ 2010ರಲ್ಲಿ ಅದರ ತಯಾರಿ ನಿಲ್ಲಿಸಿತು. ಬೇರೆಯವರು ಅದೇ ಬಗೆಯ ರಬ್ಬರ್ ಮಾಡುತ್ತಾರೆ, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿದೆ.

ನಿಮ್ಮದು ಬಹುತೇಕ ಪಿವಿಸಿಯೇ ಇರಬೇಕು. ಸೈಕಲ್ ಸೊಲ್ಯೂಷನ್ ರಬ್ಬರ್ ಟ್ಯೂಬಿಗೆ ಮಾಡಿದ್ದು, ಪಿವಿಸಿಗೆ ಹಿಡಿಯುವುದಿಲ್ಲ. ಕ್ವಿಕ್ ಗ್ಲೂ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಟ್ಯೂಬ್ ಬಾಗಿದ ಕೂಡಲೇ ಬಿರುಕು ಬಿಡುತ್ತದೆ. ಎಂ-ಸೀಲ್ ಕೂಡ ಅಷ್ಟೇ. ಪಿವಿಸಿಗೆ ಪಾಲಿಯುರೆಥೇನ್ ಅಂಟು ಮತ್ತು ಪಿವಿಸಿ ಬಟ್ಟೆಯ ತೇಪೆ ಬೇಕು. ಹೈಪಲಾನ್‌ಗೆ ನಿಯೋಪ್ರೀನ್ ಅಂಟು, ಹೈಪಲಾನ್ ಬಟ್ಟೆ. ಅದಲು ಬದಲು ಮಾಡಬಾರದು. ನೀವು ಈಗಾಗಲೇ ಹಾಕಿರುವ ಎರಡೂ ಅಂಟನ್ನು ಚೆನ್ನಾಗಿ ಕೆರೆದು ತೆಗೆಯದಿದ್ದರೆ ಹೊಸದೂ ಹಿಡಿಯುವುದಿಲ್ಲ. ಹೊಳಪಿಗೆಂದು ಟೈರ್ ಪಾಲಿಶ್ ಹಚ್ಚುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಅದರ ಸಿಲಿಕೋನ್ ಇರುವ ಕಡೆ ಯಾವ ಅಂಟೂ ಕೂರುವುದಿಲ್ಲ.

ಬೆಟ್ಟದ ಕಲ್ಲಿಗೆ ತಗುಲಿ ನಮ್ಮ ಹೈಪಲಾನ್ ರ‍್ಯಾಫ್ಟ್ ಸುಮಾರು ಒಂದು ಗೇಣು ಸೀಳಿದೆ. ಬೇಸಿಗೆಯಲ್ಲಿ ನಮಗೆ ಬಿಡುವು. ನಾವೇ ಸರಿಮಾಡಬಹುದೇ?
– ಕುಟ್ಟದ ಓದುಗರು

ಮಾಡಬಹುದು. ಆದರೆ ಸೀಳು ಹೊಲಿಗೆಯ ಜೋಡಣೆಗೋ ಟ್ಯೂಬನ್ನು ಬೇರೆ ಬೇರೆ ಗಾಳಿ ಕೋಣೆಗಳಾಗಿ ಭಾಗ ಮಾಡುವ ಒಳಗಿನ ತಡೆಗೋಡೆಗೋ ತಲುಪಿದ್ದರೆ ಕಾರ್ಖಾನೆಗೆ ಕಳಿಸಿ. ಬರೀ ಟ್ಯೂಬಿನ ಮೈಯಲ್ಲಿದ್ದರೆ ಧೈರ್ಯವಾಗಿ ಕೈ ಹಾಕಿ.

ಇಷ್ಟು ಉದ್ದದ ಸೀಳಿಗೆ ಹೊರಗಿನ ಒಂದು ತೇಪೆ ಸಾಲದು. ಒಳಗಿನಿಂದಲೂ ಒಂದು ಬೇಕು. ಗಾಳಿಯ ಒತ್ತಡ ಒಳಗಿನ ತೇಪೆಯನ್ನು ಟ್ಯೂಬಿಗೆ ಒತ್ತಿ ಹಿಡಿಯುತ್ತದೆ, ಹೊರಗಿನ ತೇಪೆಯನ್ನು ಎಬ್ಬಿಸಲು ನೋಡುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಎರಡೂ ತೇಪೆ ಸೀಳಿನ ಎಲ್ಲ ಕಡೆ ಕನಿಷ್ಠ 5 ಸೆಂಟಿಮೀಟರ್ ಮುಂದಕ್ಕೆ ಚಾಚಿರಲಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆ ಮೊದಲು ಏಳುತ್ತದೆ. ಒಳಗಿನದನ್ನು ಸೀಳಿನಿಂದಲೇ ಮಡಚಿ ತೂರಿಸಬೇಕಾಗುತ್ತದೆ, ಇಬ್ಬರು ಇದ್ದರೆ ಸುಲಭ.

ಗಾಳಿ ಪೂರ್ತಿ ಬಿಟ್ಟು, ಸೀಳಿದ ಭಾಗವನ್ನು ಹಲಗೆಯ ಮೇಲೆ ಸಮತಟ್ಟಾಗಿ ಹರಡಿ. ಪೆನ್ಸಿಲ್‌ನಿಂದ ತೇಪೆಯ ಆಕಾರ ಬರೆಯಿರಿ. ಟ್ಯೂಬ್, ತೇಪೆ ಎರಡನ್ನೂ 80 ಅಥವಾ 120 ನಂಬರಿನ ಮರಳು ಕಾಗದದಲ್ಲಿ ಹೊಳಪು ಹೋಗುವ ತನಕ ಉಜ್ಜಿ. ದಾರ ಕಾಣುವಷ್ಟು ಉಜ್ಜಬೇಡಿ. ಪುಡಿ ಒರೆಸಿ, ಟಾಲುಯಿನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಆಮೇಲೆ ಅಂಟು ತೆಳ್ಳಗೆ. ಮೊದಲ ಪದರ ಆರಿದ ಮೇಲೆ ಎರಡನೆಯದು, ಬೇಕಿದ್ದರೆ ಮೂರನೆಯದು. ದಪ್ಪಗೆ ಒಂದೇ ಸಲ ಬಳಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಕೊನೆಯ ಪದರವನ್ನು ಬೆರಳಿನ ಗೆಣ್ಣಿನಿಂದ ಮುಟ್ಟಿ ನೋಡಿ. ಸ್ವಲ್ಪ ಹಿಡಿದಂತಾಗಿ ಬಿಡಬೇಕು, ಅಂಟು ಗೆಣ್ಣಿಗೆ ಬರಬಾರದು. ಆಗ ತೇಪೆ ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ರೋಲರ್‌ನಿಂದ ಗಟ್ಟಿಯಾಗಿ ಒತ್ತಿ. ಒಂದು ದಿನ ಗಾಳಿ ತುಂಬಬೇಡಿ. ನದಿಗೆ ಇಳಿಸಲು ಒಂದು ವಾರ ಕಾಯಿರಿ.

ಬೇಸಿಗೆಯಲ್ಲಿ ತೇವದ ಭಯ ಕಡಿಮೆ, ಬಿಸಿಲಿನ ಭಯ ಜಾಸ್ತಿ. ಮಧ್ಯಾಹ್ನ ಅಂಟು ಹಚ್ಚಿದ ಕೂಡಲೇ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಮಾಡಿ. ರಿಪೇರಿಯಾದ ದೋಣಿಯನ್ನು ಗಾಳಿ ತುಂಬಿ ಅಂಗಳದಲ್ಲಿ ಬಿಡಲೇಬೇಡಿ. ನೆರಳಿನಲ್ಲಿ 25 ಡಿಗ್ರಿಯಲ್ಲಿ 2.5 ಪಿಎಸ್‌ಐ ತುಂಬಿದ್ದೀರಿ ಅಂದುಕೊಳ್ಳಿ. ಬಿಸಿಲಿಗೆ ಒಳಗಿನ ಗಾಳಿ 45 ಡಿಗ್ರಿಗೆ ಏರಿದರೆ ಒತ್ತಡ ಸುಮಾರು 3.6ಕ್ಕೆ ಹೋಗುತ್ತದೆ. ಹೊಸ ತೇಪೆಗೆ, ಹಳೆಯ ಜೋಡಣೆಗಳಿಗೆ ಅದು ದೊಡ್ಡ ಭಾರ.

ಸಂಜೆ ಗಟ್ಟಿಯಾಗಿ ಗಾಳಿ ತುಂಬಿದ ದೋಣಿ ಬೆಳಿಗ್ಗೆ ಮೆತ್ತಗಿರುತ್ತದೆ. ಸೋಪು ನೀರಿನಲ್ಲಿ ಗುಳ್ಳೆ ಕಾಣುತ್ತಿಲ್ಲ.
– ಬಾಳೆಹೊನ್ನೂರಿನ ಓದುಗರು

ಮೇಲೆ ಹೇಳಿದ ಲೆಕ್ಕವೇ ಇಲ್ಲಿ ತಿರುಗುಮುರುಗು. ರಾತ್ರಿ ತಣ್ಣಗಾದಾಗ ಒತ್ತಡ ಇಳಿಯುತ್ತದೆ. ಮಾರನೆಯ ಸಂಜೆ ಅದೇ ಹೊತ್ತಿಗೆ ಮೀಟರ್ ಹಾಕಿ ನೋಡಿ. ಮತ್ತೆ ಹತ್ತಿರ ಹತ್ತಿರ ಅಷ್ಟೇ ಬಂದರೆ ದೋಣಿ ಚೆನ್ನಾಗಿದೆ. ಬರದಿದ್ದರೆ ವಾಲ್ವ್ ನೋಡಿ. ಒಂದು ಮರಳಿನ ಕಾಳು ಕೂತರೂ ಗಾಳಿ ಹೋಗುತ್ತದೆ. ವಾಲ್ವಿನ ಸುತ್ತಲಿನ ಬಳೆ ಸಡಿಲವಾಗಿದ್ದರೆ ಅದರದ್ದೇ ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಟ್ಯೂಬಿನ ಒಂದು ಕೋಣೆಗೆ ಮಾತ್ರ ಗಾಳಿ ತುಂಬಿ ಪಕ್ಕದ್ದನ್ನು ಖಾಲಿ ಬಿಟ್ಟು ನೋಡುವುದನ್ನೂ ಮರೆಯಬೇಡಿ. ಪಕ್ಕದ್ದು ತಾನಾಗಿ ಉಬ್ಬಿದರೆ ಒಳಗಿನ ತಡೆಗೋಡೆ ಸೋರುತ್ತಿದೆ. ಅಂಥ ದೋಣಿಯನ್ನು ಜನ ಕೂರಿಸಿ ಇಳಿಸಬೇಡಿ. ಒಂದು ಕಡೆ ತೂತಾದರೆ ಎರಡೂ ಕಡೆ ಗಾಳಿ ಹೋಗುತ್ತದೆ.

ಮುರ್ಡೇಶ್ವರದ ಕಡೆ ಡೈವಿಂಗಿಗೆ ಬಳಸುವ ಎಂಜಿನ್ ಇರುವ ರಬ್ಬರ್ ದೋಣಿ ನಮ್ಮದು. ಜೂನ್‌ನಿಂದ ನಿಲ್ಲಿಸುತ್ತೇವೆ. ಎಂಜಿನ್ ಹೇಗೆ ಇಡಬೇಕು?
– ಭಟ್ಕಳದ ಓದುಗರು

ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯಿರಿ. ಗೇರ್ ಆಯಿಲ್ ತೆಗೆದು ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಎಂಜಿನ್ನನ್ನು ನೇರವಾಗಿ ನಿಲ್ಲಿಸಿಡಿ. ಇದೆಲ್ಲ ನಿಮಗೆ ಗೊತ್ತಿರುವುದೇ ಇರಬಹುದು.

ನಾನು ಒತ್ತಿ ಹೇಳಬೇಕಾದ್ದು ಪೆಟ್ರೋಲ್ ಬಗ್ಗೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ಟೂ ಸ್ಟ್ರೋಕ್ ಎಂಜಿನ್ ಆದರೆ ಅಪಾಯ ಇನ್ನೂ ಜಾಸ್ತಿ, ಏಕೆಂದರೆ ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದಿರುತ್ತದೆ. ಆಯಿಲ್ ಇಲ್ಲದ ದ್ರವ ಎಂಜಿನ್ ಒಳಗೆ ಹೋಗುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಓಡಿಸಿ ನಿಲ್ಲಿಸಿ. ಸೀಸನ್ ಶುರುವಿಗೆ ಹೊಸ ಪೆಟ್ರೋಲ್ ಹಾಕಿ.

ದೋಣಿಯ ನೆಲದ ಹಲಗೆ ಎತ್ತಿ, ಹಲಗೆಗೂ ಟ್ಯೂಬಿಗೂ ನಡುವೆ ಸೇರಿದ ಮರಳು ತೊಳೆಯಿರಿ. ಪೂರ್ತಿ ಒಣಗಿಸಿ, ಅರೆ ಗಾಳಿಯಲ್ಲಿ ನೆಲದಿಂದ ಎತ್ತರಕ್ಕೆ ಇಡಿ. ಮಡಚಿ ಮೂಲೆಗೆ ತುರುಕಿದರೆ ಇಲಿಗಳು ಗೂಡು ಮಾಡುತ್ತವೆ.

ಕೃಷ್ಣಾ ತೀರದ ಹಳ್ಳಿ ನಮ್ಮದು. 2019ರ ಪ್ರವಾಹದ ನಂತರ ಯುವಕರು ಸೇರಿ ಒಂದು ಗಾಳಿ ದೋಣಿ ಇಟ್ಟುಕೊಂಡಿದ್ದೇವೆ. ಅದರಲ್ಲಿ ಏನೇನು ಇರಬೇಕು?
– ಚಿಕ್ಕೋಡಿ ಕಡೆಯ ಓದುಗರು

ನಿಮ್ಮ ದೋಣಿಗೆ ಬೇಸಿಗೆಯೇ ಬಿಡುವು. ರಿಪೇರಿಯೆಲ್ಲ ಏಪ್ರಿಲ್ ಒಳಗೆ ಮುಗಿಯಲಿ, ಮೇ ತಿಂಗಳಲ್ಲಿ ಕೆರೆಗೆ ಇಳಿಸಿ ನೋಡಿ.

ಸಾಮಾನಿನಲ್ಲಿ ಮೊದಲನೆಯದು ಲೈಫ್ ಜಾಕೆಟ್. ಈಜು ಬರುವ ನಿಮ್ಮ ಹುಡುಗರ ಲೆಕ್ಕ ಹಿಡಿದು ಕೊಳ್ಳಬೇಡಿ, ಈಜು ಬಾರದ ಅಜ್ಜಿಯ ಲೆಕ್ಕ ಹಿಡಿಯಿರಿ. 50 ನ್ಯೂಟನ್ ತೇಲುಬಲದ್ದು ಈಜುವವರಿಗೆ. ರಕ್ಷಿಸಿ ತರುವ ಜನರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಮಕ್ಕಳ ಅಳತೆಯವು ಬೇರೆಯೇ ಇರಲಿ, ದೊಡ್ಡವರ ಜಾಕೆಟ್ ಮಗುವಿನ ತಲೆಯಿಂದ ಜಾರಿಹೋಗುತ್ತದೆ. ಹಳೆಯವನ್ನು ಸೊಂಟದಷ್ಟು ನೀರಿನಲ್ಲಿ ತೊಟ್ಟು ಕಾಲು ಎತ್ತಿ ನೋಡಿ. ಬಾಯಿ ನೀರಿನ ಮೇಲೆ ನಿಲ್ಲದಿದ್ದರೆ ಒಳಗಿನ ಫೋಮ್ ಸತ್ತಿದೆ, ಎಸೆದುಬಿಡಿ.

ಎಸೆಯುವ ಹಗ್ಗ 15ರಿಂದ 20 ಮೀಟರ್, ಪಾಲಿಪ್ರೊಪಿಲೀನ್‌ದೇ ಆಗಲಿ. ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ಚಾಕು, ಸೀಟಿ, ಹೆಚ್ಚುವರಿ ಹುಟ್ಟು, ಕೈ ಪಂಪ್, ತಲೆಗೆ ಕಟ್ಟುವ ಟಾರ್ಚ್ ಇರಲಿ. ಎಂಜಿನ್ ಇದ್ದರೂ ಹುಟ್ಟು ಬೇಕೇ ಬೇಕು.

ನಿಮ್ಮ ಕಡೆ ಇನ್ನೊಂದು ವಿಚಾರ ಇದೆ. ಪ್ರವಾಹದ ನೀರಿನ ಕೆಳಗೆ ನದಿ ಇರುವುದಿಲ್ಲ, ಹೊಲ ಇರುತ್ತದೆ. ಕಬ್ಬಿನ ಕೂಳೆ, ಮುಳ್ಳುತಂತಿ, ಜಾಲಿ ಮುಳ್ಳು. ಅಲ್ಲಿ ತೂತಾದರೆ ಅಂಟು ಹಚ್ಚುವ ಮಾತೇ ಇಲ್ಲ. ಎರಡು ಬಿಲ್ಲೆಗಳ ನಡುವೆ ಬಟ್ಟೆಯನ್ನು ಹಿಡಿದು ತಿರುಪಿನಿಂದ ಬಿಗಿಯುವ ಕ್ಲ್ಯಾಂಪ್ ಸಿಗುತ್ತದೆ. ಒಂದು ಬಿಲ್ಲೆಯನ್ನು ತೂತಿನೊಳಗೆ ತೂರಿಸಿ, ಇನ್ನೊಂದನ್ನು ಹೊರಗಿಟ್ಟು ತಿರುಗಿಸಿದರೆ ಆಯಿತು. ಒದ್ದೆಯಲ್ಲೂ ಹಿಡಿಯುತ್ತದೆ. ಸಣ್ಣದು, ದೊಡ್ಡದು ಎರಡು ಅಳತೆಯವನ್ನು ದೋಣಿಗೇ ದಾರದಿಂದ ಕಟ್ಟಿಡಿ. ಎಂಜಿನ್ ಇದ್ದರೆ ನೀರಿನೊಳಗೆ ತಿರುಗುವ ಅದರ ಫ್ಯಾನಿಗೆ (ಪ್ರೊಪೆಲ್ಲರ್) ಗಾರ್ಡ್ ಹಾಕಿಸಿ, ನೀರಿನಲ್ಲಿ ಇರುವ ಮನುಷ್ಯರಿಗೂ ಅದರಿಂದ ರಕ್ಷಣೆ.

ಮೇ ತಿಂಗಳ ಪರೀಕ್ಷೆಯಲ್ಲಿ ಒಂದು ಕೋಣೆಯ ಗಾಳಿ ಬೇಕೆಂದೇ ಬಿಟ್ಟು, ಜನರನ್ನು ಕೂರಿಸಿ ದಡದ ಹತ್ತಿರವೇ ಹುಟ್ಟು ಹಾಕಿ ನೋಡಿ. ಎಲ್ಲರೂ ಜಾಕೆಟ್ ತೊಟ್ಟಿರಲಿ. ಅಂಥ ಸ್ಥಿತಿಯಲ್ಲಿ ದೋಣಿ ಎಷ್ಟು ಜನರನ್ನು ಹೊರುತ್ತದೋ ಆ ಸಂಖ್ಯೆಯನ್ನು ಟ್ಯೂಬಿನ ಮೇಲೆ ದೊಡ್ಡದಾಗಿ ಬರೆದುಬಿಡಿ. ಪ್ರವಾಹ ಬಂದ ದಿನ ಅದಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಹತ್ತಿಸಿಕೊಳ್ಳಬೇಡಿ, ಇನ್ನೊಂದು ಸಲ ಹೋಗಿ ಬನ್ನಿ.