ಸಿಂಧನೂರಿನಿಂದ ಕುಟುಂಬ ಸಮೇತ ಸ್ಕೀಯಿಂಗ್‌ಗೆ: ಗುಲ್ಮಾರ್ಗ್, ಔಲಿ, ಮನಾಲಿ, ದುಬೈ – ಯಾವುದು ಸರಿ?

ಪ್ರಶ್ನೆ: ನಾವು ಸಿಂಧನೂರಿನವರು. ಡಿಸೆಂಬರ್ ಕೊನೆಯ ವಾರ ಸ್ಕೀಯಿಂಗ್ ಇರುವ ಕಡೆ ಹೋಗಬೇಕೆಂದಿದ್ದೇವೆ. ನಾನು, ಹೆಂಡತಿ, 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ಬಿ.ಪಿ. ಇರುವ 66 ವರ್ಷದ ಅಮ್ಮ. ಯಾರೂ ಇದುವರೆಗೆ ಹಿಮ ಕಂಡವರಲ್ಲ. ಎಲ್ಲರೂ ಸಸ್ಯಾಹಾರಿಗಳು. ಗುಲ್ಮಾರ್ಗ್, ಔಲಿ, ಮನಾಲಿ, ದುಬೈ – ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ:

ನಿಮ್ಮ ಐವರಿಗೆ ಕಾಶ್ಮೀರದ ಗುಲ್ಮಾರ್ಗ್ ಸರಿ, ಡಿಸೆಂಬರ್ ಸರಿಯಲ್ಲ. ಫೆಬ್ರವರಿಯ ಮೊದಲ ಎರಡು ವಾರಗಳಲ್ಲಿ ಹೋಗಿ. ದಿನಾಂಕ ಬದಲಿಸಲು ಆಗುವುದೇ ಇಲ್ಲ ಎಂದಾದರೆ ದುಬೈ. ನಾನು ರಾಯಚೂರಿನವನು. ಮಕ್ಕಳ ಜೊತೆ ಅತ್ತೆಯವರನ್ನೂ ಕರೆದುಕೊಂಡು ಗುಲ್ಮಾರ್ಗ್, ಮನಾಲಿ ಬಳಿಯ ಸೋಲಂಗ್ ಎರಡನ್ನೂ ನೋಡಿ ಬಂದಿದ್ದೇನೆ. ಆದ್ದರಿಂದ ಮುಂದಿನ ಮಾತುಗಳಲ್ಲಿ ವಯಸ್ಸಾದವರ ಪರವಾಗಿ ಸ್ವಲ್ಪ ಪಕ್ಷಪಾತ ಕಂಡರೆ ಆಶ್ಚರ್ಯಪಡಬೇಡಿ.

ಮೊದಲು ದಿನಾಂಕದ ವಿಷಯ. ಕಾಶ್ಮೀರದಲ್ಲಿ ಕಡುಚಳಿಯ ನಲವತ್ತು ದಿನಗಳನ್ನು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಅದು ಶುರುವಾಗುವುದೇ ಡಿಸೆಂಬರ್ 21ಕ್ಕೆ. ಕ್ರಿಸ್‌ಮಸ್ ಹೊತ್ತಿಗೆ ಹಿಮ ಬಿದ್ದಿರಲೂಬಹುದು, ಒಣಹುಲ್ಲು ಕಾಣುತ್ತಿರಲೂಬಹುದು. ಫೋಟೊ ತೆಗೆಸಿಕೊಳ್ಳಲು ನಾಲ್ಕು ಬೆರಳು ಹಿಮ ಸಾಕು. ಸ್ಕೀ ಕಲಿಯಲು ಕಲ್ಲು, ಪೊದೆ, ಗುಂಡಿಗಳೆಲ್ಲ ಮುಚ್ಚಿಹೋಗುವಷ್ಟು ದಪ್ಪ ಪದರ ಬೇಕು. ಹಿಮ ಹಲವು ಸಲ ಬಿದ್ದು, ಅದುಮಿ ಗಟ್ಟಿಯಾಗಿರಬೇಕು. 2024ರ ಜನವರಿಯಲ್ಲಿ ತಿಂಗಳ ಬಹುಪಾಲು ಗುಲ್ಮಾರ್ಗ್ ಬೋಳಾಗಿಯೇ ಇತ್ತು. 2025ರಲ್ಲಿ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನ ಗುಲ್ಮಾರ್ಗ್ ಹಂತವನ್ನು ಹಿಮ ಸಾಲದೆಂದು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಅಂದರೆ ಫೆಬ್ರವರಿಗೂ ಗ್ಯಾರಂಟಿ ಇಲ್ಲ, ಆದರೂ ಇರುವುದರಲ್ಲಿ ಅದೇ ಹೆಚ್ಚು ನಂಬಿಕೆಯ ತಿಂಗಳು. ನಮ್ಮ ಶಾಲೆಗಳ ರಜೆ ದಸರೆಗೂ ಬೇಸಿಗೆಗೂ ಬರುತ್ತದೆ, ಹಿಮಾಲಯಕ್ಕೆ ಅದರ ಪರಿವೆ ಇಲ್ಲ. ಒಂದನೇ ಮತ್ತು ಆರನೇ ತರಗತಿಯ ವಯಸ್ಸಿನ ಮಕ್ಕಳಿಗೆ ಒಂದು ವಾರ ಶಾಲೆ ತಪ್ಪಿದರೆ ದೊಡ್ಡ ನಷ್ಟವೇನೂ ಆಗುವುದಿಲ್ಲ.

ಎರಡನೆಯ ವಿಷಯ, ಸ್ಥಳವನ್ನು ಅಳೆಯುವ ಬಗೆ. ಜಾಹೀರಾತುಗಳೆಲ್ಲ ಬೆಟ್ಟದ ತುದಿಯನ್ನು ತೋರಿಸುತ್ತವೆ: ಎಷ್ಟು ಎತ್ತರ, ಎಷ್ಟು ಉದ್ದದ ಇಳಿಜಾರು, ಎಂಥ ಕೇಬಲ್ ಕಾರು. ಮಕ್ಕಳೊಂದಿಗೆ ಹೋಗುವವರು ನೋಡಬೇಕಾದದ್ದು ಬುಡವನ್ನು. ಈಜು ಕಲಿಸುವವರು ಮಗುವನ್ನು ತುಂಗಭದ್ರೆಯ ಮಡುವಿಗೆ ಇಳಿಸುವುದಿಲ್ಲ, ಬಾವಿಯ ಮೆಟ್ಟಿಲಿನಲ್ಲೇ ಶುರು ಮಾಡಿಸುತ್ತಾರೆ. ಕಲಿಯುವವರ ಇಳಿಜಾರು ಎಷ್ಟು ಅಗಲ, ಎಷ್ಟು ಸಮತಟ್ಟು? ಕೊನೆಯಲ್ಲಿ ತಾನಾಗಿಯೇ ನಿಲ್ಲುವಂತೆ ಬಯಲಿದೆಯೇ, ಅಥವಾ ರಸ್ತೆಯೋ ಬೇಲಿಯೋ ಎದುರಾಗುತ್ತದೆಯೇ? ಅಲ್ಲಿಂದ ಶೌಚಾಲಯಕ್ಕೆ ಎಷ್ಟು ದೂರ? ಬೆಚ್ಚಗಿನ ಕೋಣೆ, ಬಿಸಿ ಚಹಾ ಎಷ್ಟು ಹೆಜ್ಜೆಯಲ್ಲಿವೆ? ಆರು ವರ್ಷದ ಹುಡುಗ ಅಷ್ಟೊಂದು ಬಟ್ಟೆ ತೊಟ್ಟ ಮೇಲೆ ‘ಅಪ್ಪಾ, ಮೂತ್ರ’ ಎಂದಾಗ ಈ ಪ್ರಶ್ನೆಗಳ ತೂಕ ಗೊತ್ತಾಗುತ್ತದೆ.

ಗುಲ್ಮಾರ್ಗ್ ಗೆಲ್ಲುವುದು ಇಲ್ಲಿಯೇ. ಸುಮಾರು 2,650 ಮೀಟರ್ ಎತ್ತರದಲ್ಲಿರುವ ಆ ಊರಿನ ನಡುವೆ ಬೋಗುಣಿಯಂಥ ವಿಶಾಲ ಹುಲ್ಲುಗಾವಲಿದೆ. ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾದ ಆ ಜಾಗ ಚಳಿಗಾಲದಲ್ಲಿ ಕಲಿಕೆಯವರ ಅಂಗಳವಾಗುತ್ತದೆ. ಅನೇಕ ಹೋಟೆಲುಗಳು ಅದರ ಸುತ್ತಲೇ ಇವೆ. ಮಕ್ಕಳು ಬೀಳುವುದನ್ನೂ ಏಳುವುದನ್ನೂ ಅಮ್ಮ ಕಿಟಕಿಯಿಂದಲೇ ನೋಡಬಹುದು. ಹೋಟೆಲು ಕಾಯ್ದಿರಿಸುವಾಗ ಊಟದ ಪಟ್ಟಿಗಿಂತ ಮೊದಲು ಇದನ್ನೇ ಕೇಳಿ: ಮೈದಾನ ಕಾಣುವ ಕೋಣೆ ಇದೆಯೇ, ರಾತ್ರಿಯಿಡೀ ಕೋಣೆ ಬೆಚ್ಚಗಿರುವ ವ್ಯವಸ್ಥೆ ಏನು? ಅಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಇಳಿಯುತ್ತದೆ. ಸೌದೆಯ ಬುಖಾರಿ ಒಲೆ ಇದ್ದರೆ ಹೊಗೆ ಕೊಳವೆ ಸರಿಯಿದೆಯೇ ಎಂದು ನೋಡಿ, ಮಲಗುವ ಮುನ್ನ ಕಿಟಕಿಯನ್ನು ಸ್ವಲ್ಪವಾದರೂ ತೆರೆದಿಡಿ.

ಗೊಂಡೋಲಾ, ಅಂದರೆ ಅಲ್ಲಿನ ಕೇಬಲ್ ಕಾರು, ಎರಡು ಹಂತಗಳಲ್ಲಿದೆ. ಮೊದಲ ಹಂತ ಕೊಂಗದೂರಿಯವರೆಗೆ, ಸುಮಾರು 3,080 ಮೀಟರ್. ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲೆ. ರಾಯಚೂರು ಇರುವುದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ. ಬಿ.ಪಿ. ಇರುವ ಅಮ್ಮನನ್ನು ಎರಡನೇ ಹಂತಕ್ಕೆ ಒಯ್ಯಬೇಡಿ. ಮೊದಲ ಹಂತಕ್ಕೂ ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿಕೊಂಡೇ ಹೋಗಿ. ಮಕ್ಕಳಿಗೂ ಮೊದಲ ಹಂತ ಧಾರಾಳ. ಮೇಲಿನ ಇಳಿಜಾರುಗಳು ಪಳಗಿದವರಿಗೆ ಮಾತ್ರ. 2023ರ ಫೆಬ್ರವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಗೊಂಡೋಲಾ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು. ಅಲ್ಲಿಗೆ ಹೋದ ಮೇಲೆ ‘ಕೊಡಿಸುತ್ತೇನೆ’ ಎಂದು ಬೆನ್ನು ಹತ್ತುವವರಿಗೆ ಕಿವಿಗೊಡಬೇಡಿ.

ಕಲಿಸುವವರ ವಿಷಯ. ಇಬ್ಬರು ಮಕ್ಕಳಿಗೆ ಒಬ್ಬ ತರಬೇತುದಾರ, ಬೆಳಿಗ್ಗೆ ಎರಡು ಗಂಟೆ – ಇಷ್ಟೇ ಸಾಕು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದವರೇ ಎಂದು ಕೇಳಿ, ಗುರುತಿನ ಚೀಟಿ ನೋಡಿ. ಮೊದಲ ದಿನ ಬೀಳುವುದನ್ನು, ಬಿದ್ದು ಏಳುವುದನ್ನು, ಸ್ಕೀಗಳ (ಕಾಲಿಗೆ ಕಟ್ಟುವ ಜಾರುಪಟ್ಟಿಗಳ) ಮುಂತುದಿ ಹತ್ತಿರ ತಂದು ಹಿಮ್ಮಡಿಗಳನ್ನು ಹೊರಗೆ ತಳ್ಳಿ ವೇಗ ತಗ್ಗಿಸುವುದನ್ನು ಕಲಿಸಿದರೆ ಅವನು ಬಲ್ಲವನು. ಹತ್ತು ನಿಮಿಷಕ್ಕೇ ಮೇಲಕ್ಕೆ ಕರೆದೊಯ್ದು ವಿಡಿಯೊ ತೆಗೆಯಲು ಹೊರಟರೆ ನಯವಾಗಿ ಬೇಡವೆನ್ನಿ. ಊರಿಗೆ ಕಾಲಿಟ್ಟ ಕೂಡಲೇ ಸುತ್ತುವರಿಯುವ ಜಾರುಬಂಡಿಯವರೊಂದಿಗೂ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಒಟ್ಟು ಎಷ್ಟು ಹಣ ಎಂದು ಹತ್ತುವ ಮೊದಲೇ ಮಾತು ಮುಗಿಸಿ. ಕೊರೆಯುವ ಹಿಮದಲ್ಲಿ ನಮ್ಮನ್ನು ಎಳೆಯುವ ಆ ದುಡಿಮೆ ಹಗುರವಾದದ್ದಲ್ಲ, ತೀರಾ ಚೌಕಾಶಿ ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಬೂಟಿನ ಬಗ್ಗೆ. ಬಾಡಿಗೆ ಅಂಗಡಿಗಳಲ್ಲಿ ದೊಡ್ಡವರ ಅಳತೆಗಳು ಬೇಕಾದಷ್ಟಿರುತ್ತವೆ, ಆರು ವರ್ಷದ ಪಾದಕ್ಕೆ ಹೊಂದುವ ಸ್ಕೀ ಬೂಟು ಮತ್ತು ಹೆಲ್ಮೆಟ್ ಎಲ್ಲ ಕಡೆ ಸಿಗುವುದಿಲ್ಲ. ಹೋಟೆಲಿನವರ ಮೂಲಕವಾದರೂ ಪಾದದ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೇಳಿ ಮೊದಲೇ ವಿಚಾರಿಸಿ. ಬೂಟು ಹಾಕಿಸಿದ ಮೇಲೆ ಮಗುವನ್ನು ಮೊಣಕಾಲು ಬಾಗಿಸಿ ಮುಂದಕ್ಕೆ ವಾಲಲು ಹೇಳಿ. ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದು. ಕಾಲುಚೀಲ ಒಂದೇ ಇರಲಿ, ಉದ್ದನೆಯ ತೆಳು ಉಣ್ಣೆಯದು. ಚಳಿಯೆಂದು ಎರಡು ಹಾಕಿಸಿದರೆ ಬೂಟು ಬಿಗಿದು ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಸ್ಕೀ ಮಗುವಿನ ಎದೆಯಿಂದ ಗಲ್ಲದ ನಡುವಿನ ಎತ್ತರಕ್ಕಿದ್ದರೆ ತಿರುಗಿಸುವುದು ಸುಲಭ. ಜೀನ್ಸ್ ಬೇಡವೇ ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ನೀರಿಳಿಯದ ಜಾಕೆಟ್ಟು, ಪ್ಯಾಂಟು. ಕೈಗವಸು ಇನ್ನೊಂದು ಜೊತೆ ಇರಲಿ. ಹಿಮದ ಮೇಲಿನ ಬಿಸಿಲು ನಮ್ಮ ಏಪ್ರಿಲ್ ಬಿಸಿಲಿಗಿಂತ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ, ಅಮ್ಮನಿಗೂ ಕಪ್ಪು ಕನ್ನಡಕ ಕೊಡಿಸಿ.

ಉಳಿದವುಗಳ ಮಾತು ಚಿಕ್ಕದು. ಉತ್ತರಾಖಂಡದ ಔಲಿಯ ಇಳಿಜಾರುಗಳೂ ನಂದಾದೇವಿ ಶಿಖರದ ನೋಟವೂ ಚೆನ್ನ, ಆದರೆ ಋಷಿಕೇಶದಿಂದ ಔಲಿಯ ಕೆಳಗಿನ ಊರಾದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಾಟಿ ರಸ್ತೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗಿದ್ದ ರೋಪ್‌ವೇ ನಿಂತಿತು. ವಾರಗಟ್ಟಲೆ ಕೋರ್ಸ್ ಮಾಡುವ ಯುವಕರಿಗೆ ಅದು ಸರಿ, ನಿಮ್ಮ ಅಮ್ಮನಿಗಲ್ಲ. ಮನಾಲಿಯ ಸೋಲಂಗ್ ಒಂದು ದಿನದ ಹಿಮದಾಟಕ್ಕೆ ಒಳ್ಳೆಯದು. ನಿಂತು ಕಲಿಯಲು ಗದ್ದಲ ಹೆಚ್ಚು. 2024ರ ಡಿಸೆಂಬರ್ ಕೊನೆಯ ವಾರ ಭಾರೀ ಹಿಮ ಸುರಿದು ಅಲ್ಲಿ ಸಾವಿರಾರು ಪ್ರವಾಸಿಗರು ವಾಹನಗಳೊಂದಿಗೆ ಸಿಕ್ಕಿಬಿದ್ದರು, ಪೊಲೀಸರು ಹೊರತರಬೇಕಾಯಿತು. ನೀವು ಕೇಳಿದ ವಾರವೇ ಅದು.

ದುಬೈ ಎಂದರೆ ಮಾಲ್ ಆಫ್ ದಿ ಎಮಿರೇಟ್ಸ್‌ನೊಳಗೆ 2005ರಿಂದ ಇರುವ ಸ್ಕೀ ದುಬೈ. ಒಳಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕಡಿಮೆ, ಉದ್ದದ ಇಳಿಜಾರು 400 ಮೀಟರ್, ಪೆಂಗ್ವಿನ್‌ಗಳೂ ಇವೆ. ಜಾಕೆಟ್ಟು, ಬೂಟು ಅಲ್ಲೇ ಕೊಡುತ್ತಾರೆ, ಹಿಮ ಬೀಳಲಿಲ್ಲವೆಂಬ ಆತಂಕ ಇಲ್ಲ, ಹೊರಗಿನ ಡಿಸೆಂಬರ್ ಹವೆ ವಯಸ್ಸಾದವರಿಗೆ ಹಿತ. ಮಗಳು ಒಂದೆರಡು ಪಾಠ ಕಲಿಯಬಹುದು. ಬೆಟ್ಟ ಮಾತ್ರ ಇರುವುದಿಲ್ಲ. ಅದನ್ನು ಹಿಮದ ಪ್ರವಾಸವೆಂದು ಕರೆಯಲು ನನ್ನ ನಾಲಿಗೆ ತಡವರಿಸುತ್ತದೆ, ಮಕ್ಕಳಿಗೆ ಆ ತಕರಾರು ಇರಲಾರದು.

2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಮನೆಯಲ್ಲಿ ಯಾರಾದರೂ ಕಾಶ್ಮೀರಕ್ಕೆ ಹಿಂಜರಿದರೆ ಒತ್ತಾಯ ಮಾಡಬೇಡಿ. ಭಯ ಹೊತ್ತುಕೊಂಡು ಹೋದ ಪ್ರವಾಸ ಯಾರಿಗೂ ದಕ್ಕುವುದಿಲ್ಲ. ಹೋಗುವುದು ಖಚಿತವಾದರೆ ಹೊರಡುವ ವಾರದ ಸರ್ಕಾರಿ ಸೂಚನೆಗಳನ್ನು ನೋಡಿಕೊಳ್ಳಿ.

ದಾರಿ: ರಾಯಚೂರಿನಿಂದ ಹೈದರಾಬಾದ್ ಸುಮಾರು 200 ಕಿ.ಮೀ., ಅಲ್ಲಿಂದ ಶ್ರೀನಗರಕ್ಕೆ ವಿಮಾನ. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನಲ್ಲಿ ನಿಲ್ಲುತ್ತದೆ, ದೆಹಲಿಯವರೆಗೆ ರೈಲಿನಲ್ಲೂ ಹೋಗಬಹುದು. ಅಮ್ಮನ ಬೆನ್ನು ಒಪ್ಪಬೇಕಷ್ಟೇ. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಹಿಮ ಬಿದ್ದ ದಿನ ಕೊನೆಯ 13 ಕಿ.ಮೀ.ಗೆ ತಂಗ್‌ಮಾರ್ಗ್‌ನಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಸ್ಥಳೀಯ ವಾಹನಕ್ಕೆ ಬದಲಾಯಿಸಬೇಕಾಗುತ್ತದೆ. ಮೇಲೆ ಮೂರು ರಾತ್ರಿ ಉಳಿಯಿರಿ. ಗುಲ್ಮಾರ್ಗ್‌ನಿಂದ ಇಳಿದ ಮೇಲೆ ಶ್ರೀನಗರದಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳಿ, ಹಿಮ ಸುರಿದಾಗ ವಿಮಾನಗಳು ರದ್ದಾಗುವುದು ಅಲ್ಲಿ ಮಾಮೂಲು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ. ಪ್ರಯಾಣ ವಿಮೆ ಮಾಡಿಸುವಾಗ ಸ್ಕೀಯಿಂಗ್‌ನಂಥ ಸಾಹಸ ಕ್ರೀಡೆಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಅನೇಕ ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ.

ಊಟಕ್ಕೆ ಚಿಂತೆಯಿಲ್ಲ. ರಾಜ್ಮಾ, ಅನ್ನ, ದಾಲ್, ಪರಾಠ ಸಿಗುತ್ತವೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ಅಮ್ಮನ ಮುಖ ಅರಳುತ್ತದೆ. ನಮ್ಮ ಡಬ್ಬಿಗೆ ಪಕ್ಕದ ಮೇಜಿನ ಗುಜರಾತಿ ಕುಟುಂಬವೂ ಕೈ ಹಾಕಿತ್ತು, ಸ್ವಲ್ಪ ಹೆಚ್ಚೇ ಒಯ್ಯಿರಿ. ವಿಮಾನದ ಟಿಕೆಟ್ ತೆಗೆಯುವ ಮೊದಲು ಮಗಳ ಶಾಲೆಯಲ್ಲಿ ಫೆಬ್ರವರಿಯ ಕಿರುಪರೀಕ್ಷೆ ಯಾವ ವಾರ ಎಂದು ಕೇಳಿ.