ಪಾಠ ಸೂಚಿಸುವ ತಂತ್ರಾಂಶಕ್ಕೆ ಅಧ್ಯಾಪಕರ ಹಿಂಜರಿಕೆ ಏಕೆ?

ಪ್ರಶ್ನೆ: ವಿದ್ಯಾರ್ಥಿಯು ಮುಂದೆ ಯಾವ ಪಾಠ ನೋಡಬೇಕು, ಯಾವ ಕೋರ್ಸ್ ಆಯ್ದುಕೊಳ್ಳಬೇಕು ಎಂದು ತಾನೇ ಸೂಚಿಸುವ ತಂತ್ರಾಂಶವೊಂದು ನಮ್ಮ ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕಾ ತಾಣಕ್ಕೆ ಬರಲಿದೆ. ನಮ್ಮ ವಿಭಾಗದ ಅಧ್ಯಾಪಕರಲ್ಲಿ ಹೆಚ್ಚಿನವರಿಗೆ ಇದು ಬೇಡವಾಗಿದೆ. ಇದಕ್ಕೆ ಸೋಮಾರಿತನ ಕಾರಣವೇ? ಅವರನ್ನು ಒಪ್ಪಿಸುವುದು ಹೇಗೆ?
– ವಿಭಾಗ ಮುಖ್ಯಸ್ಥರೊಬ್ಬರು, ಧಾರವಾಡ

ಉತ್ತರ: ಸೋಮಾರಿತನವೆಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಹೊಸ ತಂತ್ರಾಂಶವು ಉಪಯುಕ್ತವೆಂದೂ ಬಳಸಲು ಸುಲಭವೆಂದೂ ಅನ್ನಿಸಿದರೆ ಜನ ಅದನ್ನು ಒಪ್ಪುತ್ತಾರೆಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲೇ ಪ್ರತಿಪಾದಿಸಿದ್ದರು. ಅಧ್ಯಾಪಕರಿಗೆ ಇವೆರಡರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಪಾಠದ ಕ್ರಮವನ್ನು ಇನ್ನು ಮುಂದೆ ನಿರ್ಧರಿಸುವವರು ಯಾರು?

ಇಂಥ ತಂತ್ರಾಂಶ ಸಾಮಾನ್ಯವಾಗಿ ವಿದ್ಯಾರ್ಥಿ ಏನು ನೋಡಿದ, ಎಷ್ಟು ಹೊತ್ತು ನೋಡಿದ, ಅವನಂಥ ಇತರರು ಏನನ್ನು ಆಯ್ದುಕೊಂಡರು ಎಂಬುದರ ಮೇಲೆ ಊಹೆ ಕಟ್ಟುತ್ತದೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಸ್ಸಿ. ಸೇರಿದ ಹುಡುಗಿಯೊಬ್ಬಳು, ಮನೆಯಲ್ಲಿರುವ ಒಂದೇ ಮೊಬೈಲನ್ನು ತಮ್ಮನೊಡನೆ ಹಂಚಿಕೊಳ್ಳಬೇಕಾದ್ದರಿಂದ ಕಲನಶಾಸ್ತ್ರದ ವಿಡಿಯೊವನ್ನು ಅರ್ಧಕ್ಕೇ ನಿಲ್ಲಿಸಿದರೆ, ತಂತ್ರಾಂಶ ಅದನ್ನು ನಿರಾಸಕ್ತಿಯೆಂದು ಎಣಿಸಿ ಬೇರೆ ವಿಷಯದತ್ತ ತಿರುಗಿಸಬಹುದು. ಅವಳಿಗೆ ಗಣಿತ ಬರುತ್ತದೆ, ತೊಡಕಾಗಿರುವುದು ಇಂಗ್ಲಿಷ್ ವಿವರಣೆ ಎಂಬುದನ್ನು ತರಗತಿಯಲ್ಲಿ ಅವಳ ನೋಟ್‌ಬುಕ್ ನೋಡಿದ ಅಧ್ಯಾಪಕರು ಬಲ್ಲರು. ಆ ತಿಳಿವಳಿಕೆಗೆ ತಂತ್ರಾಂಶದಲ್ಲಿ ಜಾಗವಿಲ್ಲದಿದ್ದರೆ ಅವರು ಹಿಂಜರಿಯುವುದು ನ್ಯಾಯವೇ ಆಗಿದೆ.

ಬಾಯಿಬಿಟ್ಟು ಹೇಳದ ಆತಂಕವೂ ಒಂದಿದೆ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯ ಮೂಲಕ ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಾವಳಿ ಅವಕಾಶ ನೀಡಿದೆ. ತಂತ್ರಾಂಶದ ಸೂಚನೆಯಂತೆ ವಿದ್ಯಾರ್ಥಿಗಳು ಹೊರಗಿನ ಕೋರ್ಸುಗಳತ್ತ ಹೊರಳಿದರೆ ವಿಭಾಗದ ಕಾರ್ಯಭಾರ ಕುಗ್ಗೀತು, ಅದರ ಮೊದಲ ಪೆಟ್ಟು ಅತಿಥಿ ಉಪನ್ಯಾಸಕರಿಗೆ ಬಿದ್ದೀತು ಎಂಬ ಅಂಜಿಕೆ ಸಹಜ. ಒಂದು ದಿನದ ತರಬೇತಿ ಕಾರ್ಯಾಗಾರದಿಂದ ಇದು ನೀಗುವಂಥದ್ದಲ್ಲ.

ಆದ್ದರಿಂದ ಒಪ್ಪಿಸುವುದಕ್ಕಿಂತ ಮೊದಲು ಅಧಿಕಾರ ಕೊಡಿಸಿ. ಪ್ರತಿ ಸೂಚನೆಯ ಕಾರಣ ಅಧ್ಯಾಪಕರಿಗೆ ಕಾಣಬೇಕು. ಅದನ್ನು ತಿದ್ದುವ, ತಡೆಯುವ, ತಮ್ಮದೇ ಕನ್ನಡ ಟಿಪ್ಪಣಿಯನ್ನು ಸೇರಿಸುವ ಹಕ್ಕು ಅವರಿಗಿರಬೇಕು. ಒಂದೇ ಕೋರ್ಸಿನಲ್ಲಿ, ಆಸಕ್ತಿಯಿರುವ ಇಬ್ಬರು ಮೂವರೊಂದಿಗೆ, ಒಂದು ಸೆಮಿಸ್ಟರ್ ಪ್ರಯೋಗಿಸಿ ನೋಡಿ. ಆ ಕೆಲಸಕ್ಕೆ ತಗಲುವ ಗಂಟೆಗಳನ್ನು ಕಾರ್ಯಭಾರದಲ್ಲಿ ಎಣಿಸಬೇಕೆಂದೂ, ಅಲ್ಲಿ ಸಂಗ್ರಹವಾಗುವ ಮಾಹಿತಿಯನ್ನು ಅಧ್ಯಾಪಕರ ಮೌಲ್ಯಮಾಪನಕ್ಕೆ ಬಳಸಬಾರದೆಂದೂ ಕುಲಸಚಿವರಿಂದ ಮೊದಲೇ ಲಿಖಿತ ಆದೇಶ ಪಡೆದುಕೊಳ್ಳಿ.